ಎಡೆಗೆ ಇಟ್ಟ ಮದರ್‌ಬೋರ್ಡ್

ಯಾಳಿನಿಯ ಅಪ್ಪನವರಿಗೆ,

ಕಂಪ್ಯೂಟರ್ ಕೆಟ್ಟರೆ ನನಗೇ ಫೋನ್ ಮಾಡಲಿ ಎಂದು ನೀವು ಹೇಳಿದ್ದಿರಿ. ಊಟದ ಮೇಜಿನ ಹತ್ತಿರ, ನಿಮ್ಮ ತಮ್ಮ ಪುಗಳೇಂದಿಯ ಎದುರಿಗೆ, ಅವನ ತಟ್ಟೆಗೆ ನಾನು ದೋಸೆ ಹಾಕುತ್ತಿದ್ದಾಗ. ನಿಮ್ಮ ಫೋನನ್ನು ರೈಲ್ವೆಯವರು ಕೈಚೀಲದ ಜೊತೆ ತಂದು ಕೊಟ್ಟಿದ್ದಾರೆ. ಅದು ಈಗ ಅಡುಗೆಮನೆಯ ಗೂಡಿನಲ್ಲಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಕೆಲಸ ನಿಮಗೆ ಗೊತ್ತು. ರಕ್ತ ಪರೀಕ್ಷೆ ಮಾಡಿ ವರದಿ ಬರೆಯುವವಳು ನಾನು. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಇಲ್ಲೂ ಹಾಗೆಯೇ ಬರೆಯುತ್ತೇನೆ. ಚೆನ್ನಾಗಿ ಬರೆಯಲು ಆಗದಿದ್ದರೆ ಅದು ಮನಸ್ಸಿಲ್ಲದೆ ಅಲ್ಲ. ಮನಸ್ಸು ಎಲ್ಲಿದೆ ಎಂದು ಸರಿಯಾಗಿ ತಿಳಿಯುತ್ತಿಲ್ಲ, ಅಷ್ಟೇ.

ಆ ದಿನದ ವಾದ ನಿಮಗೆ ನೆನಪಿರಬೇಕು. ಆಟ ಆಡಲು ಒಂದು ಒಳ್ಳೆಯ ಕಂಪ್ಯೂಟರ್ ಬೇಕು ಎಂದು ಅಪ್ಪ ಮಗಳು ಸೇರಿ ತೀರ್ಮಾನ ಮಾಡಿ ಆಗಿತ್ತು. ತಯಾರಾದದ್ದನ್ನು ಕೊಳ್ಳುವುದೋ, ಭಾಗಗಳನ್ನು ತಂದು ಮನೆಯಲ್ಲಿ ಜೋಡಿಸುವುದೋ ಎಂಬುದಷ್ಟೇ ಉಳಿದಿತ್ತು. ಪುಗಳೇಂದಿ ಅಣ್ಣಾನಗರದ ಷೋರೂಮಿನಲ್ಲಿ ತಯಾರಾದ ಕಂಪ್ಯೂಟರುಗಳನ್ನು ಮಾರುವವನು. ಅವನಿಗೆ ನಿಮ್ಮ ಆಲೋಚನೆಯೇ ಅವಮಾನ.

“ಅಣ್ಣಾ, ಬಾಕ್ಸ್ ಬಿಚ್ಚು, ವೈರ್ ಚುಚ್ಚು, ಆಡು. ಮುಗೀತು. ನೀನು ರಿಚ್ಚಿ ಸ್ಟ್ರೀಟಲ್ಲಿ ಅಲೆದಾಡಿ ಒಂದೊಂದೇ ಸಾಮಾನು ತರೋಷ್ಟರಲ್ಲಿ ಯಾಳಿನಿಗೆ ಮದುವೆ ಆಗಿರತ್ತೆ.”

“ಆಗ್ಲಿ ಬಿಡೋ. ಅಳಿಯನೂ ಆಡ್ತಾನೆ.”

“ತಮಾಷೆ ಅಲ್ಲ. ಮನೆಗೆ ಫ್ಯಾನ್ ಬೇಕಾದ್ರೆ ರೆಕ್ಕೆ ಒಂದು ಕಡೆ, ಮೋಟಾರ್ ಒಂದು ಕಡೆ ತರ್ತೀಯಾ?”

“ನಿಮ್ಮ ರೆಡಿಮೇಡಲ್ಲಿ ಕಾಣೋ ಕಡೆ ಗಾಜು, ಕಾಣದ ಕಡೆ ಅಗ್ಗದ ಎಸ್‌ಎಂಪಿಎಸ್. ಕರೆಂಟ್ ಕೊಡೋ ಡಬ್ಬಿನೇ ಸರಿ ಇಲ್ದಿದ್ರೆ ಉಳಿದದ್ದೇನು ಮಣ್ಣು? ಒಳಗೆ ಏನಿದೆ ಅಂತ ಮಾರೋ ನಿನಗೇ ಗೊತ್ತಿಲ್ಲ.”

“ನನಗೆ ಗೊತ್ತಿರ್ಬೇಕಾಗಿಲ್ಲ. ಕೆಟ್ರೆ ಒಂದು ಫೋನ್, ಮನೆಗೇ ಬಂದು ಸರಿ ಮಾಡಿ ಹೋಗ್ತಾರೆ. ನಿನ್ನದು ಕೆಟ್ರೆ ಅತ್ತಿಗೆ ಯಾರಿಗೆ ಫೋನ್ ಮಾಡ್ಬೇಕು?”

“ನನಗೇ ಮಾಡ್ಲಿ. ನಾನೆಲ್ಲಿಗೆ ಹೋಗ್ತೀನಿ? ಅರಕ್ಕೋಣಕ್ಕೆ ರೈಲು ಓಡಿಸಿ ವಾಪಸ್ ಬರ್ತೀನಿ.”

ಪುಗಳೇಂದಿಯೂ ನಕ್ಕ. ಅಲ್ಲಿಗೆ ವಾದ ಮುಗಿಯಿತು.

ಆಮೇಲೆ ಡಬ್ಬಿಗಳು ಬರತೊಡಗಿದವು. ಡ್ಯೂಟಿ ಮುಗಿಸಿ ಬರುವಾಗ ನೀವು ಮೂರ್ ಮಾರ್ಕೆಟ್ ನಿಲ್ದಾಣದಿಂದ ರಿಚ್ಚಿ ಸ್ಟ್ರೀಟಿಗೆ ಹೋಗಿ, ಬಿಡಿ ಭಾಗ ಮಾರುವ ಕಾಜಾ ಭಾಯ್ ಅಂಗಡಿಯಲ್ಲಿ ಚಹಾ ಕುಡಿದು, ಒಂದು ಡಬ್ಬಿ ಹಿಡಿದು ಮನೆಗೆ ಬರಲು ವಿಲ್ಲಿವಾಕ್ಕಂ ಗಾಡಿ ಹತ್ತುತ್ತಿದ್ದಿರಿ. ಮೊದಲು ಕ್ಯಾಬಿನೆಟ್, ಆಮೇಲೆ ಮದರ್‌ಬೋರ್ಡ್, ಆಮೇಲೆ ಪ್ರೊಸೆಸರ್. ಒಂದು ಡಬ್ಬಿಯಲ್ಲಿ ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳಿದ್ದವು. ಅವುಗಳ ಬೆನ್ನಿನಲ್ಲಿ ಬಣ್ಣದ ದೀಪ ಉರಿಯುತ್ತದೆ ಎಂದಿರಿ. “ದೀಪ ಉರಿದ್ರೆ ಕಂಪ್ಯೂಟರ್ ಜೋರಾಗಿ ಓಡತ್ತಾ?” ಎಂದು ಕೇಳಿದೆ. “ಇಲ್ಲ, ಸುಮ್ಮನೆ ಉರಿಯತ್ತೆ” ಎಂದಿರಿ. ಮದುವೆ ಮನೆಗೆ ಕಟ್ಟುವ ಸೀರಿಯಲ್ ಸೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬೈದೆ. ನೀವು ಅದನ್ನು ಬೀರುವಿನ ಮೇಲಿಟ್ಟಿರಿ. ಅಪ್ಪ ಮಗಳು ಕೆಳಗೆ ನಿಂತು ಆ ಡಬ್ಬಿಗಳನ್ನು ನೋಡುತ್ತಿದ್ದ ರೀತಿಗೆ ಅತ್ತೆ, “ಬೀರುವಿನ ಮೇಲೆ ಇವರಿಬ್ಬರ ದೇವ್ರು ಕೂತಿದೆ” ಎನ್ನುತ್ತಿದ್ದರು.

ಆಡಬೇಕೆಂದಿದ್ದ ಆಟ ಯಾವುದು ಎಂದು ಗೊತ್ತಾದ ದಿನ ಮಾತ್ರ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿದ್ದೆ. ರೈಲು ಓಡಿಸುವ ಆಟ. “ಬೆಳಗಿಂದ ಸಂಜೆವರೆಗೆ ರೈಲು ಓಡಿಸಿ ಬಂದು ಮನೇಲೂ ರೈಲೇನಾ?” ಎಂದಿದ್ದಕ್ಕೆ ನೀವು ಹೇಳಿದ್ದು ಇದು: “ಅದು ಬೇರೆ. ಅಲ್ಲಿ ಹಳಿ ಮೇಲೆ ಹಿಮ ಬೀಳತ್ತೆ. ನಮ್ಮ ಆವಡಿ ಲೈನಲ್ಲಿ ಎಲ್ಲಿ ಬೀಳತ್ತೆ?” ಯಾಳಿನಿ ಜೋಡಿಸುವುದು, ನೀವು ಮೊದಲು ಓಡಿಸುವುದು ಎಂದು ಒಪ್ಪಂದವಾಗಿತ್ತು. ಅವಳ ಪರೀಕ್ಷೆ ಮುಗಿದು ನಿಮ್ಮ ರಜೆಯೂ ಕೂಡಿ ಬರುವ ದಿನಕ್ಕೆ ಕಾಯುತ್ತಿದ್ದಿರಿ.

ಅರಕ್ಕೋಣದ ವಿಶ್ರಾಂತಿ ಕೊಠಡಿಯಲ್ಲಿ ನೀವು ಮಲಗಿದಲ್ಲೇ ಹೋದಿರಿ. ಹೃದಯ ಎಂದರು. ಮುಂದಿನ ಗಾಡಿಗೆ ಎಬ್ಬಿಸಲು ಬಂದವರು “ಮದಿವಾಣನ್ ಸಾರ್” ಎಂದು ಎರಡು ಸಲ ಕರೆದರಂತೆ. ಗಾಡಿಯನ್ನು ಬೇರೊಬ್ಬರು ತೆಗೆದುಕೊಂಡು ಹೋದರು, ಅದು ವೇಳೆಗೆ ಸರಿಯಾಗಿ ಮೂರ್ ಮಾರ್ಕೆಟ್ ಮುಟ್ಟಿತು ಎಂದು ನಿಮ್ಮ ಜೊತೆಗಾರರು ಹೇಳಿದರು. ಯಾಕೆ ಹೇಳಿದರೋ. ಆ ದಿನ ಬಂದವರೆಲ್ಲ ಏನೇನೋ ಹೇಳಿದರು. ನನಗೆ ಪೂರ್ತಿಯಾಗಿ ಕೇಳಿಸಿದ್ದು ಆ ಒಂದು ಮಾತು.

ಎಲ್ಲರೂ ಅತ್ತು ಬಿಡು ಎಂದರು. ನಾನು ಹಾಲು ಕಾಯಿಸಿ ಹೆಪ್ಪು ಹಾಕಿದೆ. ಮೊಸರು ಚೆನ್ನಾಗಿ ಗಟ್ಟಿಯಾಯಿತು. ಅಯನಾವರದ ಲ್ಯಾಬಿಗೆ ಹೋಗಲು ಶುರು ಮಾಡಿದೆ. ರೋಗಿಗಳು ಕೈ ಚಾಚುತ್ತಾರೆ, ನಾನು ನರ ಹುಡುಕುತ್ತೇನೆ, ಸಿಗುತ್ತದೆ. ಬಸ್ಸಿನಲ್ಲಿ ಕುಳಿತರೆ ನಿಲ್ದಾಣ ಬಂದಾಗ ಇಳಿಯುತ್ತೇನೆ. ಯಾಳಿನಿಯೂ ಹಾಗೆಯೇ. ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ. ಊಟ ಮಾಡು ಎಂದರೆ “ಸರಿ”. ಬಟ್ಟೆ ಒಣಗಿಸು ಎಂದರೆ “ಸರಿ”. ಆ ಒಂದು ಪದ ಬಿಟ್ಟು ಅವಳ ಬಾಯಿಂದ ಬೇರೆ ಮಾತು ನಿಂತು ಹೋಗಿತ್ತು. ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತು ಕರೆದ ಹಾಗೆ ಆಗುತ್ತಿತ್ತು ಅವಳನ್ನು ಕರೆದರೆ.

ಹದಿನಾರನೆಯ ದಿನ ಎಡೆ ಇಟ್ಟೆವು. ಬಾಳೆ ಎಲೆಯ ಮೇಲೆ ವಡೆ, ಪಾಯಸ, ಬಾಳೆಕಾಯಿ ಪಲ್ಯ, ಗಾಜಿನ ಲೋಟದಲ್ಲಿ ಚಹಾ, ಅದರ ಪಕ್ಕ ಬೆಣ್ಣೆ ಬಿಸ್ಕತ್ತು. ಹೊಸ ಪಂಚೆ, ಷರಟು. ನಿಮಗೆ ಇಷ್ಟವಾದದ್ದೆಲ್ಲ ಇರಬೇಕು ಎಂದು ಅತ್ತೆ ಬೀರುವಿನ ಮೇಲಿನ ಡಬ್ಬಿಗಳನ್ನೂ ಇಳಿಸಿದರು. ಯಾಳಿನಿ ಅವನ್ನು ನಿಮ್ಮ ಫೋಟೋದ ಮುಂದೆ ಸಾಲಾಗಿ ಇಟ್ಟಳು. ಅಲ್ಲಿಗೆ ಬಿಟ್ಟಿದ್ದರೆ ಈ ಪತ್ರ ಇರುತ್ತಿರಲಿಲ್ಲ.

“ಮುಚ್ಚಿದ ಡಬ್ಬಿ ಇಟ್ರೆ ಅವನು ಹೇಗೆ ತಗೋತಾನೆ? ಎಡೆ ಅಂದ್ಮೇಲೆ ಬಿಚ್ಚಿಡ್ಬೇಕು ಕಣೇ” ಎಂದು ಅತ್ತೆ ಒಂದೊಂದನ್ನೇ ತೆರೆದರು. ಪಾಯಸದ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಡಬ್ಬಿ ತೆರೆದು, ಒಳಗಿನ ಚೀಲ ತೆಗೆದು, ಮದರ್‌ಬೋರ್ಡನ್ನು ಎಲೆಯ ಬಲಕ್ಕೆ ಇಟ್ಟರು. ಅದರ ನಡುವೆ, ಪ್ರೊಸೆಸರ್ ಕೂರುವ ಚೌಕದ ಮೇಲೆ, ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದೂ ಮುಚ್ಚಳವೇ ಅಲ್ಲವೇ? ಅದನ್ನೂ ಕಿತ್ತರು. ಪಂಚೆಗೆ, ಷರಟಿಗೆ, ಲೋಟಕ್ಕೆ ಗಂಧ ಕುಂಕುಮ ಇಡುತ್ತ ಬಂದರು. ಬೋರ್ಡಿನ ಹತ್ತಿರ ಬಂದಾಗ ಎಲ್ಲಿ ಇಡುವುದು ಎಂದು ಒಂದು ಕ್ಷಣ ನೋಡಿದರು. ಆ ಚೌಕ ಹಣೆಯ ಹಾಗೆ ಕಂಡಿರಬೇಕು. ಉಂಗುರ ಬೆರಳಿನಿಂದ ಗಂಧವನ್ನು ಅಲ್ಲಿಗೇ ಒತ್ತಿದರು. ಗಂಧ ಹಸಿಯಾಗಿದ್ದರಿಂದ ಬೆರಳು ಒಂದು ಬದಿಗೆ ಜಾರಿತು. ಅದರ ಮೇಲೆ ಕುಂಕುಮ.

ಆ ಚೌಕದ ತುಂಬ ಕೂದಲಿನಂಥ ಪಿನ್ನುಗಳಿರುತ್ತವೆ, ಅವುಗಳಿಗೆ ಉಸಿರು ತಾಗಿದರೂ ಆಗದು ಎಂದು ನೀವು ಹೇಳಿದ್ದು ಯಾಳಿನಿಗೆ, ನನಗಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು. ನೋಡಿದಳು. ತಡೆಯಲಿಲ್ಲ. ಕರ್ಪೂರ ಹಚ್ಚಿ, ನೀವು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕುಳಿತಾಗ, ಅವಳು ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಸರಿಪಡಿಸುತ್ತಿದ್ದಳು. ಮತ್ತೆ ಒಳಗೆ ಹೋದಾಗ ಅತ್ತೆ ಎಲೆಯನ್ನು ನೋಡಿ, “ತಗೊಂಡಿದ್ದಾನೆ” ಎಂದರು. ಉಳಿದದ್ದನ್ನು ನಾವು ತಿಂದೆವು.

ಸಂಜೆ ಪುಗಳೇಂದಿ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. “ಅಮ್ಮಾ, ಇದಕ್ಕೆ ಯಾಕಮ್ಮಾ ಇಟ್ಟೆ?” ಎಂದು ಕೇಳಿದ. “ಎಲ್ಲದಕ್ಕೂ ಇಟ್ಟು ಅದೊಂದಕ್ಕೆ ಬಿಟ್ರೆ ಅವನಿಗೆ ಬೇಜಾರಾಗಲ್ವೇನೋ?” ಎಂದರು ಅತ್ತೆ. ಅವನು ಬೋರ್ಡನ್ನು ಮೇಜಿನ ಮೇಲಿಟ್ಟ. ನನ್ನ ಕಡೆ ತಿರುಗಿ, “ಅತ್ತಿಗೆ, ಇದು ಹೋಯ್ತು. ಉಳಿದದ್ದನ್ನ ನಾನು ಮಾರಿಸಿ ಕೊಡ್ತೀನಿ. ನಮ್ಮ ಷೋರೂಮಿಂದ ರೆಡಿಮೇಡ್ ಒಂದು ತರ್ತೀನಿ. ಕೆಟ್ರೆ ಫೋನ್ ಮಾಡಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದ. ಅವನಿಗೂ ನೆನಪಾಗಿರಬೇಕು.

“ಸರಿ ಚಿಕ್ಕಪ್ಪಾ” ಎಂದಳು ಯಾಳಿನಿ.

“ಬೇಡ” ಎಂದೆ ನಾನು. ಯೋಚಿಸಿ ಹೇಳಿದ್ದಲ್ಲ. ತಯಾರಾದದ್ದು ಕೆಟ್ಟದ್ದು ಎಂದೂ ಅಲ್ಲ. ಅದು ಬಂದರೆ ಅವಳು ಅದಕ್ಕೂ ಸರಿ ಎನ್ನುತ್ತಾಳೆ, ವೈರ್ ಚುಚ್ಚುತ್ತಾಳೆ, ಅದರ ಮುಂದೆ ಸುಮ್ಮನೆ ಕೂರುತ್ತಾಳೆ. ಅವಳಿಗೆ ಬೇರೆ ಮಾತು ತರಿಸುವಂಥ ವಸ್ತು ಮನೆಯಲ್ಲಿ ಇನ್ನೇನಾದರೂ ಉಳಿದಿದ್ದರೆ ಅದು ಆ ಡಬ್ಬಿಗಳು ಮಾತ್ರ. ಅವನ್ನೂ ಕೊಟ್ಟುಬಿಟ್ಟರೆ ಮುಗಿಯಿತು.

ಬೋರ್ಡನ್ನು ಟವೆಲಿನಲ್ಲಿ ಸುತ್ತಿ ನಾನೊಬ್ಬಳೇ ರಿಚ್ಚಿ ಸ್ಟ್ರೀಟಿಗೆ ಹೋದೆ. ಕಾಜಾ ಭಾಯ್‌ಗೆ ಸುದ್ದಿ ಗೊತ್ತಿರಲಿಲ್ಲ. “ಮೋಟರ್‌ಮ್ಯಾನ್ ಎಲ್ಲಿ, ಕಾಣ್ತಾನೇ ಇಲ್ಲ?” ಎಂದು ಕೇಳಿದರು. ಹೇಳಿದೆ. ಎದುರಿಗಿದ್ದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಿ, ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಟವೆಲ್ ಬಿಚ್ಚಿ ನೋಡಿದರು.

“ಆಯುಧ ಪೂಜೆಗೆ ಈ ಬೀದಿಯೆಲ್ಲ ಗಂಧ ಕುಂಕುಮ ಇಡ್ತಾರೆ ತಂಗೀ. ಆದ್ರೆ ಕ್ಯಾಬಿನೆಟ್ ಮೇಲೆ ಇಡ್ತಾರೆ. ಒಳಗೆ ಇಟ್ಟದ್ದನ್ನ ಇವತ್ತೇ ನೋಡ್ತಿರೋದು.”

“ಬದಲಾಯಿಸಿ ಕೊಡ್ತಾರಾ? ಮೈದುನ ರೆಡಿಮೇಡ್ ತರ್ತೀನಿ ಅಂತಾನೆ.”

“ಈ ಪಿನ್ ನೋಡಿದ್ರೆ ಕಂಪನಿಯವ್ರು ಡಬ್ಬಿ ಮುಚ್ಚಿ ವಾಪಸ್ ಕೊಡ್ತಾರೆ. ಅವ್ರ ತಪ್ಪಲ್ಲ. ನಾನೇ ಆದ್ರೂ ಹಾಗೇ ಮಾಡ್ತೀನಿ.”

“ಹಾಗಾದ್ರೆ?”

“ಹೊಸ ಬೋರ್ಡ್ ಕೊಡಬಹುದು. ಇಲ್ಲ, ನಿಮ್ಮ ಮೈದುನ ಹೇಳೋದು ಕೇಳಿ, ರೆಡಿಮೇಡ್ ತಗೊಳ್ಳಿ. ಬಿಡಿ ಸಾಮಾನು ಮಾರಿ ಬದುಕೋನು ನಾನು, ನಾನೇ ಹೇಳ್ತಿದ್ದೀನಿ. ಜೋಡಿಸಿ ಇಟ್ಟುಕೊಳ್ಳೋಕೆ ಮನೇಲಿ ಒಬ್ಬ ಹುಚ್ಚ ಇರ್ಬೇಕು. ನಿಮ್ಮನೇಲಿ ಇದ್ದ ಹುಚ್ಚ...” ಎಂದು ಅವರೂ ಮಾತು ಅರ್ಧಕ್ಕೆ ಬಿಟ್ಟರು. ಈಗೀಗ ಎಲ್ಲರೂ ನನ್ನ ಮುಂದೆ ಮಾತುಗಳನ್ನು ಅರ್ಧಕ್ಕೆ ಬಿಡುತ್ತಾರೆ. ಉಳಿದರ್ಧ ನನಗೆ ಗೊತ್ತಿದೆ ಎಂದು ಭಾವಿಸುತ್ತಾರೆ.

“ಇದನ್ನೇ ತೊಳೆಯೋಕೆ ಆಗಲ್ವಾ?” ಎಂದೆ.

“ಸ್ಪಿರಿಟ್ ಹಾಕಿ ಮೆತ್ತಗೆ ತೊಳೀಬಹುದು. ಬಗ್ಗಿರೋ ಪಿನ್ನನ್ನ ಸೂಜಿಯಲ್ಲಿ ಎತ್ತಬಹುದು. ಒಂದು ಮುರಿದ್ರೆ ಏನಾಗತ್ತೋ ದೇವ್ರಿಗೇ ಗೊತ್ತು. ನಾನು ಕೈ ಹಾಕಲ್ಲ. ಅವ್ರು ಆರಿಸಿದ ಬೋರ್ಡು, ನನ್ನ ಕೈಯಲ್ಲಿ ಹೋಗೋದು ಬೇಡ.”

ಸ್ಪಿರಿಟ್, ಸೂಜಿ ಎರಡೂ ನನ್ನ ಕೆಲಸದ ಜಾಗದಲ್ಲೇ ಇವೆ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ನೋಡಲು ದೀಪ ಅಳವಡಿಸಿದ ದೊಡ್ಡ ಭೂತಗನ್ನಡಿಯೂ ಇದೆ. ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ಲ್ಯಾಬಿನ ಡಾಕ್ಟರಮ್ಮನ ಅನುಮತಿ ಕೇಳಿದೆ, ಬೀಗದ ಕೈ ಕೊಟ್ಟರು. ಜೊತೆಗೆ ಬಾ ಎಂದು ಯಾಳಿನಿಯನ್ನು ಕರೆದೆ. “ಸರಿ” ಎಂದಳು.

ಗಂಧ ಒಣಗಿ ಪುಡಿಯಾಗಿತ್ತು. ಕುಂಕುಮ ಮಾತ್ರ ಎಣ್ಣೆಯ ಹಾಗೆ ಅಂಟಿತ್ತು. ಹನಿ ಹನಿಯಾಗಿ ಸ್ಪಿರಿಟ್ ಬಿಟ್ಟು, ಮೆತ್ತನೆಯ ಕುಂಚದಿಂದ ಎತ್ತಿದೆ. ಹತ್ತಿ ಕೆಂಪಾಯಿತು, ಬದಲಾಯಿಸಿದೆ, ಮತ್ತೆ ಕೆಂಪಾಯಿತು. ಇಂಥ ಹತ್ತಿ ನಾನು ದಿನವೂ ಎಸೆಯುತ್ತೇನೆ. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತು, ಯಾಕೆಂದು ಗೊತ್ತಿಲ್ಲ. ಯಾಳಿನಿ ಎದುರಿಗೆ ಕೈಕಟ್ಟಿ ಕುಳಿತಿದ್ದಳು. ಇನ್ಸುಲಿನ್ ಸೂಜಿ ತೆಗೆದುಕೊಂಡು ಬಗ್ಗಿದ ಪಿನ್ನುಗಳನ್ನು ಹುಡುಕತೊಡಗಿದೆ. ಎಲ್ಲವೂ ಒಂದೇ ಥರ ಮಿನುಗುತ್ತಿದ್ದವು, ಬಗ್ಗಿದ್ದು ಯಾವುದು, ನೆಟ್ಟಗಿದ್ದದ್ದು ಯಾವುದು ಎಂದು ತಿಳಿಯಲಿಲ್ಲ. ತಪ್ಪು ಪಿನ್ನಿನ ಕೆಳಗೆ ಸೂಜಿ ತೂರಿಸಲು ಹೋದೆ.

“ಅದಲ್ಲಮ್ಮಾ. ಅದರ ಪಕ್ಕದ್ದು. ನೆಟ್ಟಗಿರೋವೆಲ್ಲ ಒಂದೇ ಕಡೆ ನೋಡ್ತಿವೆ ನೋಡು. ಬೇರೆ ಕಡೆ ನೋಡ್ತಿರೋದು ಬಗ್ಗಿರೋದು. ಅಪ್ಪ ಹೇಳ್ತಿದ್ರು.”

ಅವಳು ಎದ್ದು ಬಂದು ನನ್ನ ಭುಜಕ್ಕೆ ಗಲ್ಲ ಊರಿ ಗಾಜಿನೊಳಗೆ ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ನಿಲ್ಲಿಸಿಬಿಡುತ್ತಾಳೆ ಎಂದು ಹೆದರಿದೆ. ಅವಳು “ಮೇಲೆ, ಇನ್ನೊಂಚೂರು, ಸಾಕು” ಎನ್ನುತ್ತ ಹೋದಳು, ನಾನು ಎತ್ತುತ್ತ ಹೋದೆ. ಅಂಚಿನಲ್ಲಿದ್ದ ಒಂದು ಪಿನ್ ಸೂಜಿ ತಾಗಿದೊಡನೆ ಮುರಿದು ಹತ್ತಿಗೆ ಅಂಟಿಕೊಂಡು ಬಂತು. ಇಬ್ಬರೂ ಅದನ್ನು ನೋಡಿದೆವು. “ಇರ್ಲಿ ಬಿಡು” ಎಂದಳು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಅದು “ಸರಿ” ಅಲ್ಲ.

ಅದರ ಮುಂದಿನ ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಜೋಡಿಸಿದಳು. ನಾನು ತಿರುಪುಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದೆ. ಪ್ರೊಸೆಸರನ್ನು ಚೌಕದಲ್ಲಿ ಇಟ್ಟು ಸರಳನ್ನು ಕೆಳಗೆ ಒತ್ತಿದಾಗ ಕರಕರ ಎಂದು ಸದ್ದಾಯಿತು. ನಾನು ಕಣ್ಣು ಮುಚ್ಚಿದೆ. “ಹಾಗೇ ಸದ್ದು ಬರತ್ತಮ್ಮಾ” ಎಂದಳು. ಅತ್ತೆ ಗೋಡೆಗೆ ಒರಗಿ ಕುಳಿತು, “ಮೀನಿನ ಮುಳ್ಳು ಬಿಡಿಸೋಕೂ ಇಷ್ಟು ಹೊತ್ತು ಬೇಡ” ಎಂದರು. ಕೊನೆಗೆ ಎಲ್ಲ ಮುಗಿಸಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಅವಳ ಮುಖ ಮತ್ತೆ ಆ ಮುಚ್ಚಿದ ಬಾಗಿಲಿನಂತೆ ಆಗುತ್ತಿರುವುದು ನನಗೆ ಕಾಣುತ್ತಿತ್ತು.

ಪುಗಳೇಂದಿ ಬಾಗಿಲಲ್ಲಿ ನಿಂತಿದ್ದ. ಕರೆದಿರಲಿಲ್ಲ, ಬಂದಿದ್ದ. “ಹಿಂದುಗಡೆ ಎಸ್‌ಎಂಪಿಎಸ್ ಸ್ವಿಚ್ ಹಾಕಿದ್ದೀಯೇನೇ?” ಎಂದ. ಹಾಕಿರಲಿಲ್ಲ. “ರೆಡಿಮೇಡ್ ಮಾರೋನಿಗೆ ಇಷ್ಟಾದ್ರೂ ಗೊತ್ತಿರತ್ತೆ” ಎಂದು ತಾನೇ ಬಗ್ಗಿ ಹಾಕಿದ.

ಫ್ಯಾನುಗಳು ತಿರುಗಿದವು. ಪರದೆಯ ಮೇಲೆ ಅಕ್ಷರ ಬಂತು. ಯಾಳಿನಿ ಅದನ್ನು ಓದಿದಳು, ಮತ್ತೆ ಓದಿದಳು. “ಮೆಮೊರಿ ಎರಡು ಹಾಕಿದ್ದೀವಿ ಚಿಕ್ಕಪ್ಪಾ, ಒಂದನ್ನೇ ಲೆಕ್ಕ ಹಿಡೀತಿದೆ” ಎಂದಳು. ಕಂಪ್ಯೂಟರ್ ಆರಿಸಿ, ಪಟ್ಟಿಗಳನ್ನು ಅದಲು ಬದಲು ಮಾಡಿ ನೋಡಿದರು. ಪಟ್ಟಿಗಳು ಎರಡೂ ಚೆನ್ನಾಗಿವೆ. ಒಂದು ಜಾಗದಲ್ಲಿ ಮಾತ್ರ ಯಾವುದನ್ನು ಇಟ್ಟರೂ ಇಲ್ಲದ ಲೆಕ್ಕ. ಮುರಿದ ಆ ಪಿನ್ನಿನ ಕೆಲಸ ಅದಾಗಿತ್ತು.

“ನಮ್ಮಲ್ಲಿ ತಗೊಂಡಿದ್ರೆ ನಾಳೆನೇ ಬದಲಾಯಿಸಿ ಕೊಡ್ತಿದ್ರು” ಎಂದ ಪುಗಳೇಂದಿ. ಚುಚ್ಚಲು ಹೇಳಿದ್ದಲ್ಲ, ನಿಜ ಹೇಳಿದ್ದು.

“ಏನಂತೆ?” ಎಂದರು ಅತ್ತೆ.

“ಎರಡು ಇಟ್ಟಿದ್ದೀವಿ ಅಜ್ಜೀ. ಅರ್ಧ ಕಾಣ್ತಿಲ್ಲ.”

“ಎಡೆಗೆ ಇಟ್ಟದ್ದಲ್ವಾ?” ಎಂದರು ಅತ್ತೆ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ. “ಅವನ ಪಾಲು ಅವನು ತಗೊಂಡಿದ್ದಾನೆ. ಉಳಿದದ್ದು ನಿಮ್ಮದು.”

ಯಾಳಿನಿ ಅಜ್ಜಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಗಾಜಿನ ಬಾಗಿಲು ಮುಚ್ಚಿ ತಿರುಪು ಹಾಕಿದಳು.

ಈಗ ಸಂಜೆ ಹೊತ್ತು ರೈಲು ಓಡಿಸುತ್ತಾಳೆ. ಮೊದಲ ಸಲ ಓಡಿಸಲು ನಿಮ್ಮ ಸರದಿ ಎಂದು ಕುರ್ಚಿಯನ್ನು ಖಾಲಿ ಬಿಟ್ಟು ನಿಂತೇ ಓಡಿಸಿದಳು. ನಿಲ್ದಾಣ ದಾಟಿ ಹೋಗಿ ನಿಲ್ಲಿಸಿದಾಗ ಅತ್ತೆ, “ನಿಮ್ಮಪ್ಪ ಹೀಗೆ ಮಾಡಿದ್ರೆ ರೈಲ್ವೆಯವ್ರು ಮೆಮೊ ಕೊಡ್ತಿದ್ರು” ಎಂದರು. ಅವಳು ನಕ್ಕಳು ಎಂದು ಬರೆಯಲಾರೆ. ಮೂಗಿನಿಂದ ಒಂದು ಸದ್ದು ಬಂತು. ಹಿಮ ನಿಜವಾಗಿ ಬೀಳುತ್ತದೆ. ಹಳಿಗಳು ಕಾಣುವುದೇ ಇಲ್ಲ, ಆದರೂ ಗಾಡಿ ಹೋಗುತ್ತದೆ.

ಕಾಜಾ ಭಾಯ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಎರಡನೇ ಪಟ್ಟಿಯಿಂದ ಉಪಯೋಗವಿಲ್ಲ, ತೆಗೆದುಬಿಡಿ, ಬೇರೆ ಯಾರಿಗಾದರೂ ಕೆಲಸಕ್ಕೆ ಬರುತ್ತದೆ ಎಂದರು. ಯಾಳಿನಿಗೆ ಹೇಳಿದೆ. “ಬೇಡಮ್ಮಾ, ಇರ್ಲಿ” ಎಂದಳು.

ಆದ್ದರಿಂದ ಅದು ಅಲ್ಲೇ ಇದೆ. ಒಂದು ವಿಷಯವನ್ನು ನಿಮಗೆ ತಿಳಿಸಬೇಕು. ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಗುಂಡಿ ಒತ್ತಿದರೆ ಅದರ ದೀಪ ಉರಿಯುತ್ತದೆ. ಪಕ್ಕದ್ದರಷ್ಟೇ ಉರಿಯುತ್ತದೆ. ನಾನು ಅನ್ನಕ್ಕೆ ಇಟ್ಟು ಬಂದು ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಲ್ಲುತ್ತೇನೆ. ಸೀರಿಯಲ್ ಸೆಟ್ ಎಂದು ಬೈದಿದ್ದೆ. ಇರಲಿ ಬಿಡಿ, ಸುಮ್ಮನೆ ಉರಿಯಲಿ.

ರೈಲ್ವೆಯಲ್ಲಿದ್ದ ಮಾವನವರ ಕಾಲದಿಂದಲೂ ನಮ್ಮ ಮನೆಯಲ್ಲಿ ಡ್ಯೂಟಿಗೆ ಹೊರಟವರಿಗೆ ಹೋಗಿ ಬನ್ನಿ ಎನ್ನುವ ರೂಢಿ ಇಲ್ಲ. ನಾವು ಹೇಳುವುದು ಬೇರೆ, ಸಿಗ್ನಲ್ಲಿನ ಮಾತು. ಆ ದಿನವೂ ಅಡುಗೆಮನೆಯಿಂದಲೇ ಹೇಳಿದ್ದೆ, ನಿಮಗೆ ಕೇಳಿಸಿತೋ ಇಲ್ಲವೋ ತಿಳಿಯದು. ಇನ್ನೊಮ್ಮೆ ಹೇಳುತ್ತೇನೆ.

ದಾರಿಯೆಲ್ಲ ಹಸಿರು ಸಿಗಲಿ.

ನಿಮ್ಮ
ತೇನ್‌ಮೊಳಿ